ಏಳನೇ ಹಾಳೆಯಲ್ಲಿ ಜಡೆಮ್ಮನ ಗೆರೆ

ಒಲೆಯ ಮೇಲೆ ಮೈದಾ ಅಂಟು ಇಟ್ಟು ಗಂಟಾಗದ ಹಾಗೆ ತಿರುವುತ್ತಿದ್ದೆ. ಅಂಟು ಕಾಯಿಸುವಾಗ ಕೈ ಬಿಡಬಾರದು, ಯಾರ ಮಾತಿಗೂ ಸಿಕ್ಕಿಕೊಳ್ಳಬಾರದು. ಚಿಟಿಕೆ ಮೈಲುತುತ್ತ ಬೆರೆಸಿದರೆ ಕಾಗದ ತಿನ್ನುವ ಹುಳ ಹತ್ತಿರ ಸುಳಿಯುವುದಿಲ್ಲ, ಹೆಚ್ಚಾದರೆ ಕಾಗದವೇ ನೀಲಿಗಟ್ಟುತ್ತದೆ. ನಮ್ಮ ಸರ್ವೆ ನಕ್ಷೆಗಳಲ್ಲಿ ಏಳನೇ ಹಾಳೆ ಮಡಿಕೆಯುದ್ದಕ್ಕೂ ಸವೆದು, ಬೆಳಕಿಗೆ ಹಿಡಿದರೆ ಆಚೆ ನಿಂತವರ ಮೂಗು ಕಾಣುವಷ್ಟು ತೆಳುವಾಗಿತ್ತು. ಅದರ ಬೆನ್ನಿಗೆ ಹಳೇ ಧೋತರದ ತುಂಡು ಹಚ್ಚಬೇಕು ಅಂತ ಎರಡು ಮಳೆಗಾಲದಿಂದ ಅಂದುಕೊಳ್ಳುತ್ತಲೇ ಇದ್ದೆ.

ಜಗುಲಿಯ ಮೇಲೆ ಎರ್ರಿಸ್ವಾಮಿ ಕಾಯುತ್ತ ಕೂತಿದ್ದ. ಮೂವತ್ತೈದು ವರ್ಷ ತಾನು ಹುಟ್ಟಿದಷ್ಟೇ ಎತ್ತರದ ರೈಲ್ವೆ ಸ್ಟೇಷನ್ನಿನಲ್ಲಿ ದುಡಿದು, ಹೋದ ವಾರವಷ್ಟೇ ಊರಿಗೆ ಮರಳಿದವನು. ಅವನು ಹುಟ್ಟಿದ್ದು ಗುಡ್ಡದ ನೆತ್ತಿಯ ಮೇಲೆ. ಆ ನೆತ್ತಿ ಈಗಿಲ್ಲ. ಗಣಿಯವರು ಅದನ್ನು ಬುಟ್ಟಿ ಬುಟ್ಟಿ ಅಗೆದು, ಹಡಗಿಗೆ ತುಂಬಿ ಕಳಿಸಿ, ಅದು ಯಾವುದೋ ದೇಶದಲ್ಲಿ ಸೇತುವೆಯಾಗಿ ನಿಂತಿದೆಯಂತೆ. ನೆತ್ತಿ ಹೋದರೂ ನಿದ್ದೆ ಅಲ್ಲೇ ಉಳಿಯಿತು. ನಮ್ಮೂರಿನವರು ಯಾವ ಎತ್ತರದಲ್ಲಿ ಹುಟ್ಟಿದರೋ ಆ ಎತ್ತರದಲ್ಲಿ ಮಲಗಿದರೆ ಮಾತ್ರ ನಿದ್ದೆ ಹತ್ತುತ್ತದೆ. ಎರ್ರಿಸ್ವಾಮಿ ಏಳು ದಿನದಿಂದ ತಮ್ಮನ ಮನೆಯ ನಡುಮನೆಯಲ್ಲಿ ಹೊರಳಾಡಿ, ಕಣ್ಣು ಬದನೆಕಾಯಿ ಬಣ್ಣಕ್ಕೆ ತಿರುಗಿ, ನನ್ನ ಬಾಗಿಲಿಗೆ ಬಂದಿದ್ದ. ಹಳೇ ಹಾಳೆಯಲ್ಲಿ ಅವನ ಎತ್ತರದ ಗೆರೆ ಎಣಿಸಿ, ಈಗಿನ ನೆಲದಿಂದ ಎಷ್ಟು ಅಡಿ ಮೇಲೆ ಮಂಚ ಕಟ್ಟಬೇಕು ಅಂತ ಹೇಳಬೇಕಾದವಳು ನಾನು. ಅದಕ್ಕೇ ಊರವರು ನನ್ನನ್ನು ಗೆರೆಯವ್ವ ಅನ್ನುತ್ತಾರೆ. ಹುಲಿಗೆಮ್ಮ ಅಂತ ಹೆಸರಿದೆ, ಆದರೆ ಆ ಹೆಸರು ಹಿಡಿದು ಕರೆಯುವವಳು ಈಗ ಒಬ್ಬಳೇ.

ಆ ಒಬ್ಬಳ ಕಾಗದ ಅವತ್ತು ಬೆಳಿಗ್ಗೆ ಬಂದು ನನ್ನ ಸೊಂಟದಲ್ಲಿ ಸಿಕ್ಕಿಕೊಂಡಿತ್ತು. ಅದನ್ನು ತೆಗೆದು ಇನ್ನೊಮ್ಮೆ ಓದಲು ಸೌಟು ಬಿಟ್ಟೆ. ಅಂಟು ತಳ ಹಿಡಿಯಿತು.

ಹೊರಗಿನಿಂದ ಬಂದವರಿಗೆ ನಮ್ಮೂರು ಮೊದಲು ಸ್ವಲ್ಪ ದಿಗಿಲು ಹುಟ್ಟಿಸುತ್ತದೆ. ಬೀದಿಯ ಎರಡೂ ಕಡೆ ತೆಂಗಿನ ಮರದೆತ್ತರದ ಅಟ್ಟಣಿಗೆಗಳು, ಅವುಗಳ ತುದಿಯಲ್ಲಿ ಮಂಚ, ಮಂಚದ ಪಕ್ಕ ನೀರಿನ ತಂಬಿಗೆ. ಗಣಿಯ ಮಣ್ಣು ಸುರಿದು ಹಳ್ಳ ಮುಚ್ಚಿದ ಕಡೆ ಹುಟ್ಟಿದವರು ಬಾವಿಯಂಥ ಗುಂಡಿ ತೋಡಿ ಒಳಗೆ ಮಲಗುತ್ತಾರೆ, ಮೇಲೆ ಕೊಡೆ ಮುಚ್ಚಿಕೊಳ್ಳುತ್ತಾರೆ. ನಮ್ಮಲ್ಲಿ ಹೆಣ್ಣು ನೋಡಲು ಬಂದವರು ಜಾತಕ ಕೇಳುವ ಮೊದಲು ಗೆರೆ ಕೇಳುತ್ತಾರೆ. ಗೆರೆ ಕೂಡದಿದ್ದರೂ ಮನಸ್ಸು ಕೂಡಿದವರು ಇದ್ದಾರೆ. ಮಿಠಾಯಿ ಅಂಗಡಿಯ ಅಂಕಲಮ್ಮ ನೆಲದ ಮೇಲೆ, ಅವಳ ಗಂಡ ಇಪ್ಪತ್ತಾರು ಅಡಿ ಮೇಲೆ. ನಡುವೆ ಒಂದು ಹಗ್ಗ, ಹಗ್ಗಕ್ಕೊಂದು ಗಂಟೆ. ಐದು ಮಕ್ಕಳಾಗಿವೆ, ಅಂದಮೇಲೆ ಏಣಿ ಗಟ್ಟಿಯಾಗಿಯೇ ಇದೆ. ಪೇಟೆಯಿಂದ ಘಾಟಿ ಹತ್ತಿ ಬರುವ ಬಸ್ಸಿನಲ್ಲಿ ನಮ್ಮವರು ಒಬ್ಬೊಬ್ಬರಾಗಿ ತಮ್ಮ ಗೆರೆ ದಾಟುವ ಅರೆಗಳಿಗೆ ಗೊರಕೆ ಹೊಡೆದು, ದಾಟಿದ ಕೂಡಲೇ ಎದ್ದು ಮಾತು ಮುಂದುವರಿಸುತ್ತಾರೆ. ಕಂಡಕ್ಟರು ಪಂಪಣ್ಣ ಯಾರು ಎಲ್ಲಿ ತೂಗುತ್ತಾರೆ ಅಂತ ತಿಳಿದುಕೊಂಡು, ಅದಕ್ಕೆ ಮೊದಲೇ ಟಿಕೆಟ್ಟು ಹರಿದು ಕೊಟ್ಟಿರುತ್ತಾನೆ.

ನಾನು ಹುಟ್ಟಿದ್ದು ಸಂತೆ ಬಯಲಿನಲ್ಲಿ. ಬಯಲನ್ನು ಯಾರೂ ಅಗೆಯಲಿಲ್ಲ, ಯಾರೂ ಮುಚ್ಚಲಿಲ್ಲ. ಚಾಪೆ ಹಾಸಿದರೆ ನಿದ್ದೆ. ನಿದ್ದೆಯಿಲ್ಲದ ಒಂದು ದಿನವನ್ನೂ ನೋಡದವಳ ಕೈಗೆ ಊರಿನ ನಿದ್ದೆಯ ಲೆಕ್ಕ ಬಂದದ್ದು ತಮಾಷೆಯೇ.

ಬಂದದ್ದು ಹೇಗೆ ಅಂದರೆ, ಮೂವತ್ತನಾಲ್ಕನೇ ವಯಸ್ಸಿಗೆ ನಾನು ರಾತ್ರಿ ಶಾಲೆಗೆ ಸೇರಿದೆ. ಹಗಲು ಅದಿರಿನಿಂದ ಕಲ್ಲು ಆರಿಸುವ ಕೆಲಸ, ಸಂಜೆ ಮೇಲೆ ಅದೇ ಶೆಡ್ಡಿನಲ್ಲಿ ಪಾಠ. ಮೇಷ್ಟ್ರು ಫಕೀರಪ್ಪನವರು ಚಿಕ್ಕಂದಿನಲ್ಲಿ ಸರ್ವೆಯವರ ಸರಪಳಿ ಎಳೆದವರು. ನಮಗೆ ಕೊಡಲು ಪುಸ್ತಕಗಳಿರಲಿಲ್ಲ, ಗಣಿ ಬರುವುದಕ್ಕೆ ಮೊದಲು ಬರೆದ ಒಂಬತ್ತು ಹಾಳೆ ನಕ್ಷೆಯಿತ್ತು, ಅದರಿಂದಲೇ ಕಲಿಸಿದರು. ಅ ಅಂದರೆ ಅಗಸರ ಹಳ್ಳ, ಆ ಅಂದರೆ ಆನೆಗುಂಡು, ಈ ಅಂದರೆ ಈಚಲಬಂಡೆ. ಐ ಕಲಿಯಲು ಐದು ಹುಣಸೆಮರದ ತಿರುವಿನ ತನಕ ಬೆರಳು ನಡೆಸಿಕೊಂಡು ಹೋಗಬೇಕಿತ್ತು. ಅಕ್ಷರದ ಜತೆಗೇ ಗೆರೆಯೂ ಬಂತು. ಒಂದು ಗೆರೆಯಿಂದ ಇನ್ನೊಂದಕ್ಕೆ ಹತ್ತಡಿ. ಗೆರೆಗಳು ದೂರ ದೂರ ಇದ್ದರೆ ಎಮ್ಮೆ ಮೇಯುವ ಇಳಿಜಾರು, ಒತ್ತೊತ್ತಾಗಿದ್ದರೆ ಮೇಕೆ ಮೇಯುವ ಕಡಿದಾದ ಏರು, ಒಂದರ ಮೇಲೊಂದು ಬಿದ್ದಿದ್ದರೆ ಹದ್ದು ಮಾತ್ರ. ಎಲ್ಲರೂ ಸಹಿ ಮಾಡಲು ಬಂದ ಕೂಡಲೇ ಶಾಲೆ ಬಿಟ್ಟರು. ನನಗೆ ಗೆರೆಗಳ ರುಚಿ ಹತ್ತಿತು. ಮೇಷ್ಟ್ರು ತೀರಿಕೊಳ್ಳುವಾಗ ಹಾಳೆಗಳ ತಗಡಿನ ಕೊಳವೆ ನನ್ನ ಪಾಲಿಗೆ ಬಂತು.

ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು ಜಡೆಮ್ಮ. ಕಲ್ಲು ಆರಿಸುವಾಗಲೂ ಪಕ್ಕದಲ್ಲೇ. ಅವಳದು ಹದ್ದಿನಬಂಡೆಯ ಮೇಲಿನ ಒಂಟಿ ಮನೆ. ಗಣಿಯವರು ಆ ಬಂಡೆ ಸಿಡಿಸಿ ಅವಳನ್ನು ಕೆಳಗಿಳಿಸಿದಾಗ, ಮೇಷ್ಟ್ರು ನನ್ನನ್ನು ಮುಂದೆ ಕೂರಿಸಿ, ಎಣಿಸು ನೋಡೋಣ ಅಂದರು. ಏಳನೇ ಹಾಳೆ ಹಾಸಿ ಕಡ್ಡಿ ಹಿಡಿದು ಎಣಿಸಿದೆ. ಎರಡು ಸಾವಿರದ ಮುನ್ನೂರಿಪ್ಪತ್ತು ಅಡಿಯ ಗೆರೆ. ನೆಲದಿಂದ ಮೂವತ್ತಡಿ ಮೇಲೆ ಮಂಚ. ಅದು ನಾನು ಎಣಿಸಿದ ಮೊದಲ ಲೆಕ್ಕ. ಜಡೆಮ್ಮ ನನ್ನ ಗಲ್ಲ ಹಿಂಡಿ, ನಮ್ಮ ಹುಲಿಗಿ ಓದಿದವಳಾದಳು ಅಂತ ಊರೆಲ್ಲ ಹೇಳಿಕೊಂಡು ಬಂದಳು.

ಮಂಚ ಕಟ್ಟಿದ್ದಾಯಿತು, ನಿದ್ದೆ ಬರಲಿಲ್ಲ. ಒಂದು ತಿಂಗಳು, ಒಂದು ವರ್ಷ, ಎರಡು ವರ್ಷ. ದೇವರಿಗೆ ಹೇಳಿಕೊಂಡಳು, ಕಷಾಯ ಕುಡಿದಳು, ತಲೆಗೆ ಹರಳೆಣ್ಣೆ ತಟ್ಟಿಸಿಕೊಂಡಳು. ನಿದ್ದೆ ನನ್ನ ಹಣೆಯಲ್ಲಿ ಬರೆದಿಲ್ಲ ಬಿಡು ಅಂತ ನಕ್ಕು, ಎರಡು ಗುಡ್ಡಸಾಲು ದಾಟಿ ಇನ್ನೊಂದು ಊರಿಗೆ ಹೋದಳು. ಅಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ರಾತ್ರಿ ಕಾಯುವ ಕೆಲಸ ಸಿಕ್ಕಿತು. ಕಣ್ಣು ಮುಚ್ಚದವಳಿಗೆ ಅದಕ್ಕಿಂತ ಒಳ್ಳೆಯ ಕೆಲಸ ಯಾವುದು? ಎಚ್ಚರವಿದ್ದಷ್ಟು ಹೊತ್ತೂ ಕೌದಿ ಹೊಲಿದಳು. ಹಾಸ್ಟೆಲಿನ ಅಷ್ಟೂ ಹುಡುಗಿಯರು ಅವಳ ಕೌದಿಯ ಮೇಲೆ ಮಲಗಿ, ಮದುವೆಯಾಗಿ ಹೋಗುವಾಗ ಒಂದೊಂದು ಒಯ್ದರು. ವರ್ಷಕ್ಕೊಂದು ನನಗೂ ಬರುತ್ತಿತ್ತು. ಹೋದ ಸಲದ್ದು ಹಳದಿ ಅಂಚಿನದು.

ಒಂಬತ್ತು ವರ್ಷದ ಹಿಂದೆ ನನ್ನ ಕಣ್ಣಿನ ಪೊರೆ ತೆಗೆದರು. ಪಟ್ಟಿ ಬಿಚ್ಚಿದ ಮೇಲೆ ಮನೆಗೆ ಬಂದು, ಆಸೆಯಿಂದ ಹಾಳೆಗಳನ್ನು ಒಂದೊಂದಾಗಿ ಬಿಸಿಲಿಗೆ ಹಾಸಿ ನೋಡಿದೆ. ಎಲ್ಲ ಹೊಸದಾಗಿ ಕಂಡಿತು. ಏಳನೇ ಹಾಳೆಯಲ್ಲಿ ಹದ್ದಿನಬಂಡೆಯ ಹತ್ತಿರ ಬಂದಾಗ, ನಾನು ಒಂದು ದಪ್ಪ ಗೆರೆ ಅಂದುಕೊಂಡದ್ದು ಎರಡು ಗೆರೆಗಳಾಗಿದ್ದವು. ಅವಳಿಗಳ ಹಾಗೆ ಒಂದರ ಮೈಗೆ ಒಂದು ಒತ್ತಿಕೊಂಡು ಹೋಗಿದ್ದವು. ಜಡೆಮ್ಮನ ಗೆರೆ ಎರಡು ಸಾವಿರದ ಮುನ್ನೂರಮೂವತ್ತು. ಹತ್ತಡಿ ಕೆಳಗೆ ಮಲಗಿಸಿದ್ದೆ ಅವಳನ್ನು.

ಅವತ್ತೇ ಕಾಗದ ಬರೆದೆ, ನಾಲ್ಕು ಪುಟ. ಬರೆದು ಲಕೋಟೆಗೆ ಹಾಕಿ ವಿಳಾಸವನ್ನೂ ಬರೆದೆ. ಕಳಿಸಲಿಲ್ಲ. ನನಗೆ ನಾನೇ ಹೇಳಿಕೊಂಡ ನೆವ ಏನೆಂದರೆ, ಗೆರೆಯವ್ವ ಒಂದು ಗೆರೆ ತಪ್ಪಿದಳು ಅಂತ ಗೊತ್ತಾದರೆ, ನನ್ನ ಮಾತಿನ ಮೇಲೆ ಮಲಗಿರುವ ಮುನ್ನೂರು ಜನಕ್ಕೂ ಅನುಮಾನ ಹುಟ್ಟುತ್ತದೆ. ಅನುಮಾನ ಬಂದವರಿಗೆ ಯಾವ ಎತ್ತರದಲ್ಲೂ ನಿದ್ದೆ ಬಾರದು. ಒಬ್ಬಳಿಗಾಗಿ ಊರಿನ ನಿದ್ದೆ ಕೆಡಿಸಲೇ? ಕೇಳಲು ಚೆನ್ನಾಗಿತ್ತು. ಅಂಚೆ ಡಬ್ಬಿಯ ತನಕ ಹೋಗಿ, ಮಳೆ ಬರುವ ಹಾಗಿದೆ ಅಂತ ಹಿಂದಿರುಗಿದೆ. ಇನ್ನೊಮ್ಮೆ ಅಮಾವಾಸ್ಯೆ, ಮತ್ತೊಮ್ಮೆ ಡಬ್ಬಿಗೆ ಬಣ್ಣ ಹಚ್ಚಿದ್ದರು. ಹೀಗೆ ಒಂಬತ್ತು ವರ್ಷ. ನಿಜ ಹೇಳಬೇಕೆಂದರೆ, ಮೂವತ್ತನಾಲ್ಕನೇ ವಯಸ್ಸಿಗೆ ಅ ಕಲಿತವಳಿಗೆ ಸಿಕ್ಕಿದ ಒಂದು ಹೆಸರಿತ್ತಲ್ಲ, ಅದನ್ನು ಬಿಡಲು ಮನಸ್ಸಿರಲಿಲ್ಲ. ಒಂಬತ್ತು ವರ್ಷದಲ್ಲಿ ಒಂಬತ್ತು ಕೌದಿ ಬಂದವು. ಅವುಗಳ ಮೇಲೆ ನಾನು ಚೆನ್ನಾಗಿಯೇ ಮಲಗಿದೆ, ಅದನ್ನೂ ಹೇಳಿಬಿಡುತ್ತೇನೆ.

ಈಗ ಬೆಳಿಗ್ಗೆ ಬಂದ ಕಾಗದ. ಜಡೆಮ್ಮ ಬರೆದಿದ್ದಳು, ತನಗೆ ಸೂಜಿಗೆ ದಾರ ಪೋಣಿಸಲು ಆಗುತ್ತಿಲ್ಲವಂತೆ, ಹಾಸ್ಟೆಲಿನವರು ಕೆಲಸದಿಂದ ಬಿಡುವು ಕೊಟ್ಟು, ಇರುವಷ್ಟು ದಿನ ಇಲ್ಲೇ ಇರಮ್ಮ ಅಂತ ಎರಡು ಕೋಣೆ ತೋರಿಸಿದ್ದಾರಂತೆ. ಒಂದು ಅಡುಗೆಮನೆಯ ಪಕ್ಕ. ಇನ್ನೊಂದು ಮೇಲೆ, ನೀರಿನ ಟ್ಯಾಂಕಿನ ಹಿಂದೆ. ಅಲ್ಲಿನ ಶಾಲೆಯ ಮೇಷ್ಟ್ರಿಂದ ಎರಡರ ಎತ್ತರವನ್ನೂ ಅಳತೆ ಮಾಡಿಸಿದಳಂತೆ. ಮುಂದಿನದನ್ನು ಅವಳ ಮಾತಿನಲ್ಲೇ ಹೇಳಬೇಕು:

"ಹುಲಿಗಿ, ಕೆಳಗಿನ ಕೋಣೆ ಸರಿಯಾಗಿ ಮುನ್ನೂರಿಪ್ಪತ್ತಕ್ಕೆ ಕೂತೈತಿ, ನೀನು ಎಣಿಸಿದ ಲೆಕ್ಕಕ್ಕೆ ಒಂದು ಗೇಣೂ ಹೆಚ್ಚುಕಮ್ಮಿ ಇಲ್ಲ. ಮೇಲಿನ ಕೋಣೆ ಹತ್ತಡಿ ಜಾಸ್ತಿ. ಆ ಟ್ಯಾಂಕಿನ ಹಿಂದೆ ಹೋದ್ರೆ ನಂಗೆ ಸುಮ್ಸುಮ್ನೆ ಆಕಳಿಕೆ ಬರ್ತವೆ, ಅಲ್ಲಿ ಗಾಳಿ ಸರಿಯಿಲ್ಲ. ಸೋಮವಾರ ಕೆಳಗಿನದಕ್ಕೇ ಸಾಮಾನು ಸಾಗಿಸ್ತೀನಿ. ಬರೋ ವಾರ ಟ್ಯಾಂಕಿನ ಕೋಣೆನ ಬ್ಯಾರೆಯವರಿಗೆ ಕೊಡ್ತಾರಂತೆ, ಕೊಡ್ಲಿ."

ಅವತ್ತು ಶುಕ್ರವಾರ. ಅಂಚೆಗೆ ಹಾಕಿದರೆ ಆರು ದಿನ. ಮಧ್ಯಾಹ್ನದ ಬಸ್ಸಿನಲ್ಲಿ ಪಂಪಣ್ಣನ ಕೈಗೆ ಕೊಟ್ಟರೆ ಮರುದಿನ ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ತಲುಪುತ್ತದೆ.

ಅಂಟು ಇಳಿಸಿ ಕೈ ಒರೆಸಿಕೊಳ್ಳುವಷ್ಟರಲ್ಲಿ ಬಡಗಿ ಮಾಬುಸಾಬ ಬಂದ. ಎರ್ರಿಸ್ವಾಮಿಯ ಮಂಚಕ್ಕೆ ಅಳತೆ ಬೇಕಿತ್ತು. ಊರಿನ ಅಷ್ಟೂ ಅಟ್ಟಣಿಗೆ ಕಟ್ಟಿದವನು ಅವನೇ. ಜಡೆಮ್ಮನ ಮಂಚ ಕಟ್ಟಿದಾಗ ಅವನಿಗೆ ಇಪ್ಪತ್ತೋ ಇಪ್ಪತ್ತೊಂದೋ, ಈಗ ಗಡ್ಡ ಬೆಳ್ಳಗಾಗಿದೆ. ಎಷ್ಟಡಿ ಅಕ್ಕ ಅಂತ ಪೆನ್ಸಿಲು ಕಿವಿಯಿಂದ ತೆಗೆದ. ಎರಡನೇ ಹಾಳೆ ಹಾಸಿಕೊಂಡು ಎಣಿಸಲು ಕೂತೆ. ಬೆರಳು ಐದನೇ ಗೆರೆಗೆ ಹೋಗಿ ನಿಂತುಬಿಟ್ಟಿತು, ಮುಂದಕ್ಕೆ ಸರಿಯಲಿಲ್ಲ. ಇದೂ ಅವಳಿ ಇದ್ದರೆ?

ನನ್ನ ಕೈಲಿ ಆಗೋದಿಲ್ಲ ಮಾಬು ಅಂದೆ. ಅಂದವಳು ಅಲ್ಲಿಗೆ ನಿಲ್ಲಿಸಲಿಲ್ಲ. ಜಡೆಮ್ಮನ ಗೆರೆ, ನನ್ನ ಕಣ್ಣು, ಒಂಬತ್ತು ವರ್ಷದ ಲಕೋಟೆ, ಸೋಮವಾರ, ಎಲ್ಲ ಹೇಳಿಬಿಟ್ಟೆ. ಎರ್ರಿಸ್ವಾಮಿ ಜಗುಲಿಯಿಂದ ಕತ್ತು ಚಾಚಿ ಕೇಳಿಸಿಕೊಳ್ಳುತ್ತಿದ್ದ. ಕೇಳಲಿ ಅಂತಲೇ ಹೇಳಿದೆ. ನನ್ನ ಲೆಕ್ಕ ನಂಬಿ ಇನ್ನು ಯಾರೂ ಮಲಗಬೇಡಿ ಅಂತ ಸಂತೆಯಲ್ಲಿ ಸಾರಿಸುತ್ತೇನೆ ಅಂದೆ.

ಮಾಬುಸಾಬ ಪೆನ್ಸಿಲನ್ನು ಮತ್ತೆ ಕಿವಿಗೆ ಸಿಕ್ಕಿಸಿಕೊಂಡ. ಆಮೇಲೆ ಅವನ ಭುಜ ಕುಣಿಯತೊಡಗಿತು. ಅಳುತ್ತಿದ್ದಾನೆ ಅಂದುಕೊಂಡೆ. ನಗುತ್ತಿದ್ದ.

"ಬೇಜಾರು ಮಾಡ್ಕಬೇಡಕ್ಕ," ಅಂದ. "ನಾನು ಕಟ್ಟಿದ ಮುನ್ನೂರು ಮಂಚದಾಗ ನಿನ್ನ ಅಳತೆಗೆ ಸರಿಯಾಗಿ ನಿಂತಿರೋವು ನಾಕೋ ಐದೋ. ಮಿಕ್ಕಿದ್ದಕ್ಕೆಲ್ಲ ಇಟ್ಟಿಗೆ ಐತಿ."

ಏನಿಟ್ಟಿಗೆ ಅಂದೆ.

ಅಟ್ಟಣಿಗೆಯ ಕಾಲಿನ ಕೆಳಗೆ ಇಡುವ ಇಟ್ಟಿಗೆಯಂತೆ. ಗೆರೆಗೂ ಗೆರೆಗೂ ನಡುವೆ ಹುಟ್ಟಿದವರಿಗೆ ನಾನು ಅಂದಾಜಿನಲ್ಲಿ ಹೇಳುತ್ತಿದ್ದೆನಲ್ಲ, ನಾಲ್ಕಡಿ, ಆರಡಿ ಅಂತ. ಆ ಅಂದಾಜು ಒಂದಡಿ, ಅರ್ಧ ಅಡಿ ಹೆಚ್ಚುಕಮ್ಮಿ ಆಗುತ್ತಿತ್ತು. ಮೊದಲ ವಾರ ಹೊರಳಾಡಿ, ಜನ ತಾವೇ ಒಂದು ಇಟ್ಟಿಗೆ ಏರಿಸಿ, ಎರಡು ಇಳಿಸಿ, ಕೊರೆದು, ಕಾಲು ಕುಯ್ಯಿಸಿ, ನಿದ್ದೆ ಹತ್ತುವ ತನಕ ಸರಿ ಮಾಡಿಕೊಳ್ಳುತ್ತಿದ್ದರು. ನಮ್ಮೂರಿನ ಅಟ್ಟಣಿಗೆಗಳಿಗೆಲ್ಲ ಕಾಲಿನ ಸುತ್ತ ನಿರಿಗೆಯ ಬಟ್ಟೆ ಕಟ್ಟಿರುತ್ತಾರೆ. ಚೆಂದಕ್ಕೆ ಅಂತ ತಿಳಿದು ನಾನೂ ಮೆಚ್ಚಿ ಮಾತಾಡಿದ್ದೆ. ಅದು ಇಟ್ಟಿಗೆ ನನ್ನ ಕಣ್ಣಿಗೆ ಬೀಳದಿರಲಿ ಅಂತ ಹೊಲಿಸಿದ್ದಂತೆ. ಅವ್ವ ಪಾಪ, ಆ ವಯಸ್ಸಿನಲ್ಲಿ ಓದು ಕಲಿತು ಎಣಿಸುತ್ತಾಳೆ, ನೋಯಿಸಬಾರದು ಅಂತ ಇಡೀ ಊರು ಒಂದು ಮಾತಾಗಿತ್ತಂತೆ. ಮಕ್ಕಳಿಗೂ ಗೊತ್ತು, ನನಗೊಬ್ಬಳಿಗೆ ಗೊತ್ತಿಲ್ಲ.

ನನಗೆ ನಂಬಿಕೆ ಬರಲಿಲ್ಲ. ಸೆರಗು ಸಿಕ್ಕಿಸಿಕೊಂಡು ಬೀದಿಗಿಳಿದೆ. ಅಂಕಲಮ್ಮನ ಗಂಡನ ಅಟ್ಟಣಿಗೆಯ ಬುಡಕ್ಕೆ ಹೋಗಿ ನಿರಿಗೆ ಎತ್ತಿದೆ. ಮೂರು ಇಟ್ಟಿಗೆ, ಒಂದು ಹಂಚು. ಅಂಕಲಮ್ಮ ಜಿಲೇಬಿ ಬಿಡುತ್ತಿದ್ದವಳು ಒಲೆ ಬಿಟ್ಟು ಓಡಿ ಬಂದು, ಹೆಣ್ಣು ಹೆಂಗಸಿನ ಸೀರೆ ಎತ್ತಿದವರನ್ನು ನೋಡುವ ಹಾಗೆ ನನ್ನನ್ನು ನೋಡಿದಳು. ಪಕ್ಕದ ಮನೆಯದಕ್ಕೆ ಎರಡು ಇಟ್ಟಿಗೆ. ಅದರಾಚೆಯದಕ್ಕೆ ಮರದ ತುಂಡು. ಗುಂಡಿಯಲ್ಲಿ ಮಲಗುವವರ ಹತ್ತಿರ ಹೋದರೆ, ಅವರು ಚಾಪೆಯ ಕೆಳಗೆ ಮರಳು ಸುರಿದುಕೊಂಡಿದ್ದರು. ಐದಾರು ಮನೆ ನೋಡುವಷ್ಟರಲ್ಲಿ ನನ್ನ ಹಿಂದೆ ಮೆರವಣಿಗೆಯೇ ಆಗಿತ್ತು. ಎಲ್ಲರೂ ತಾವೇ ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ತಲೆ ತಗ್ಗಿಸಿ ನಿಂತಿದ್ದರು. ನನಗೆ ಸಿಟ್ಟು ಬಂತು, ಬಂದ ಸಿಟ್ಟು ಬಾಯಿಗೆ ಬರುವಷ್ಟರಲ್ಲಿ ನಗುವಾಯಿತು. ನಲವತ್ತು ವರ್ಷ ನಾನು ಊರನ್ನು ಮಲಗಿಸಿದೆ ಅಂದುಕೊಂಡಿದ್ದೆ. ಊರು ನನ್ನನ್ನು ಮಲಗಿಸಿತ್ತು.

ಅಂಕಲಮ್ಮ ಸಮಾಧಾನಕ್ಕೆ ಅಂತ, ಗೆರೆ ತೋರಿಸೋಳು ನೀನೇ ಅವ್ವ, ನೀನು ಗೆರೆ ತೋರಿಸದಿದ್ರೆ ಇಟ್ಟಿಗೆ ಎಲ್ಲಿಂದ ಶುರು ಮಾಡೋದು ಅಂದಳು. ಎರ್ರಿಸ್ವಾಮಿ, ನಂಗೆ ಇಟ್ಟಿಗೆ ಸಮೇತ ಎಷ್ಟಾಗುತ್ತೆ ಅಂತ ಹೇಳಿಬಿಡು, ಇಲ್ದಿದ್ರೆ ನಿದ್ದೆಗೆಟ್ಟು ನಿಂತಲ್ಲೇ ಬೀಳ್ತೀನಿ ಅಂದ. ಎಲ್ಲರೂ ನಕ್ಕರು.

ನಾನು ಮಾಬುಸಾಬನ ಕಡೆ ತಿರುಗಿದೆ. ಹಾಗಾದರೆ ಜಡೆಮ್ಮ ಯಾಕೆ ಸರಿ ಮಾಡಿಕೊಳ್ಳಲಿಲ್ಲ ಅಂತ ಕೇಳಿದೆ. ಹತ್ತಡಿ ಅಂದರೆ ಇಟ್ಟಿಗೆಯ ಮಾತಲ್ಲ ನಿಜ, ಆದರೂ ಒಂದು ಸಲ ಏಣಿ ಹತ್ತಿ ನೋಡಬಹುದಿತ್ತಲ್ಲ?

ಅವನ ನಗು ನಿಂತಿತು. "ನಾನು ಹೇಳಿದ್ದೆನಕ್ಕ. ಎರಡು ಮೆಟ್ಲು ಏರಿಸಿ ಕೊಡ್ತೀನಿ, ನೋಡೋಣ ಅಂದೆ. ಮೇಲಿಂದ ನನ್ನ ಮ್ಯಾಲೆ ಚೆಂಬು ಎಸೆದ್ಲು. ನಮ್ಮ ಹುಲಿಗಿ ಎಣಿಸ್ಯಾಳೆ, ಅದರ ಮ್ಯಾಲೆ ನಿಂದೇನು ಅಳತಿ ಅಂದ್ಲು. ಆಮ್ಯಾಲೆ ಯಾರೂ ಆ ಮಾತು ಎತ್ತಲಿಲ್ಲ."

ಊರಲ್ಲಿ ಮುನ್ನೂರು ಜನ ನನ್ನ ಮೇಲೆ ಪ್ರೀತಿಯಿಟ್ಟು ಇಟ್ಟಿಗೆ ಇಟ್ಟರು. ಒಬ್ಬಳು ನನ್ನ ಮಾತಿನ ಮೇಲೆ ನಂಬಿಕೆಯಿಟ್ಟು ಕಣ್ಣು ಬಿಟ್ಟುಕೊಂಡು ಕೂತಳು. ತನ್ನ ಮೈಗೆ ಬಂದ ಆಕಳಿಕೆಯನ್ನೂ ನಂಬದೆ ಗಾಳಿಯನ್ನು ಬೈದಳು. ಅಂಕಲಮ್ಮ ಪೀಠ ತಂದಳು. ಕೂರಲಿಲ್ಲ. ಬಸ್ಸು ಹೊರಡಲು ಅರ್ಧ ಗಂಟೆಯಿತ್ತು.

ಮನೆಗೆ ಹೋಗಿ ಲಕೋಟೆ ತೆಗೆದು ನಾಲ್ಕು ಪುಟ ಓದಿದೆ. ಮೂರೂವರೆ ಪುಟ ನನ್ನ ಕಣ್ಣಿನ ವಿಷಯ, ಲಾಟೀನಿನ ಮಬ್ಬು ಬೆಳಕಿನ ವಿಷಯ, ಗೆರೆ ಬರೆದವನ ಕೈ ಸರಿಯಿರಲಿಲ್ಲ ಅನ್ನುವ ವಿಷಯ. ಹೊಸದಾಗಿ ಬರೆಯೋಣ ಅನಿಸಿತು. ಹೊಸದಾಗಿ ಬರೆದರೆ ಇವತ್ತಿನ ತಾರೀಕು ಹಾಕಬೇಕು, ಅವಳಿಗೆ ನಾನು ಇವತ್ತೇ ತಿಳಿದುಕೊಂಡವಳ ಹಾಗೆ ಕಾಣುತ್ತೇನೆ. ಬೇಡ. ಒಂಬತ್ತು ವರ್ಷದ ಹಿಂದಿನ ತಾರೀಕು ಹಾಗೇ ಇರಲಿ, ಓದಿ ಬೈಯಲಿ, ಬೇಕಾದರೆ ಚೆಂಬು ಎಸೆಯಲಿ. ಮೊದಲ ಪುಟದ ನೆತ್ತಿಯಲ್ಲಿ ಜಾಗವಿತ್ತು. ಕೆಂಪು ಪೆನ್ಸಿಲಿನಲ್ಲಿ, ಅಕ್ಷರ ದೊಡ್ಡದಾಗಿ, ಅವಳ ಕಣ್ಣಿಗೂ ಕಾಣುವ ಹಾಗೆ ಬರೆದೆ: ಜಡಿ, ನಾನು ಎಣಿಸಿದ್ದು ತಪ್ಪು. ನಿಂದು ಮೇಲಿನ ಕೋಣೆ. ಈ ಕಾಗದವನ್ನು ಆಮೇಲೆ ಓದುವೆಯಂತೆ, ಮೊದಲು ಅಲ್ಲಿ ಹೋಗಿ ಮಲಗು.

ಬಸ್ಸಿನ ಹತ್ತಿರ ಅರ್ಧ ಊರು ಬಂದು ನಿಂತಿತ್ತು. ಪಂಪಣ್ಣ ಮೆಟ್ಟಿಲ ಮೇಲೆ ನಿಂತು ಲಕೋಟೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ವಿಳಾಸದ ಮಸಿ ಮಾಸಿ ಹೋಗಿದೆಯಲ್ಲವ್ವ ಅಂದ. ನಾನು ಬಾಯಲ್ಲೇ ವಿಳಾಸ ಹೇಳಿದೆ, ಎರಡು ಸಲ ಹೇಳಿಸಿದೆ. ಬೇರೆ ಯಾರ ಕೈಯಲ್ಲೂ ಕೊಡಬಾರದು, ಅವಳ ಕೈಯಲ್ಲೇ ಇಡಬೇಕು, ಅವಳ ಎದುರು ನಿಂತು ಮೊದಲ ಮೂರು ಮಾತು ಓದಿಸಬೇಕು ಅಂದೆ. ಅವನು ಲಕೋಟೆಯನ್ನು ಟಿಕೆಟ್ಟಿನ ಚೀಲಕ್ಕೆ ಹಾಕದೆ ಅಂಗಿಯ ಒಳಜೇಬಿಗೆ ಇಟ್ಟು ಗುಂಡಿ ಹಾಕಿಕೊಂಡ.

"ಉತ್ತರ ಇಸ್ಕೊಂಡು ಬರಬೇಕಾ ಅವ್ವ?" ಅಂತ ಕೇಳಿದ. "ಬರೆಯೋ ತನಕ ಕಾಯ್ತೀನಿ ಬೇಕಾದ್ರೆ."

"ಬ್ಯಾಡಪ್ಪ," ಅಂದೆ. "ಅವಳು ಮಲಗಿದ್ರೆ ಎಬ್ಬಿಸಬ್ಯಾಡ."

ಅವನು ಸೀಟಿ ಊದಿದ. ಬಸ್ಸು ಹೊರಟಿತು.